ಹಳೆಯ ಬಂಡಿಯ ಮಂಕು ದೀಪ

ಅಡುಗೆಮನೆ, ಮಲಗುವ ಕೋಣೆಗಳನ್ನೂ ಹೊತ್ತು ಸಾಗುವ ಮೋಟಾರು ಮನೆಗಳು ಅಮೆರಿಕದಲ್ಲಿ ಹೇರಳ. 1973ರಿಂದ 1978ರವರೆಗೆ ಅಲ್ಲಿ ತಯಾರಾದ ಜಿ.ಎಂ.ಸಿ. ಮೋಟಾರ್‌ಹೋಮ್‌ಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಇಂತಹ ಮುದಿ ಬಂಡಿಯ ದೀಪ ಮಂಕಾದೊಡನೆ ಒಡೆಯನು ಬಲ್ಬನ್ನು ಶಂಕಿಸುತ್ತಾನೆ. ದೋಷವಾದರೋ ಅನೇಕ ವೇಳೆ ತಂತಿಯದು.

55 ವಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತವೆ. ಅದಷ್ಟೂ ಸಪೂರವಾದ ಉದ್ದ ತಂತಿ, ಸವೆದ ಸ್ವಿಚ್ಚು, ಕಿಲುಬು ಹಿಡಿದ ಜೋಡಣೆಗಳ ಮೂಲಕ ಹಾಯಬೇಕು. ಇವುಗಳ ಒಟ್ಟು ರೋಧ ಕೇವಲ 0.13 ಓಮ್ ಆದರೂ, ಓಮನ ನಿಯಮದಂತೆ 1.2 ವೋಲ್ಟು ದಾರಿಯಲ್ಲೇ ನಷ್ಟವಾಗುತ್ತದೆ. ಹತ್ತರಲ್ಲೊಂದು ಪಾಲು ತಾನೆ ಎನ್ನಬೇಡಿ! ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತವನ್ನು ಅನುಸರಿಸುವುದರಿಂದ, ಬೆಳಕಿನಲ್ಲಿ ನೂರಕ್ಕೆ ಮೂವತ್ತು ಪಾಲು ಕುಂದುತ್ತದೆ. ಹೆಚ್ಚು ವಾಟಿನ ಬಲ್ಬು ಹಾಕಿದರೆ ಪ್ರವಾಹ ಹೆಚ್ಚಿ, ತಂತಿ ಇನ್ನಷ್ಟು ಕಾಯುತ್ತದೆ; ಇದು ಅಪಾಯಕರ.

ಬ್ಯಾಟರಿಯಿಂದ ದೀಪಕ್ಕೆ ದಪ್ಪ ತಂತಿಯನ್ನು ಫ್ಯೂಸ್ ಸಹಿತ ಎಳೆದು, ನಡುವೆ ರಿಲೇಯನ್ನಿಡುವುದೇ ಸರಿಯಾದ ಉಪಾಯ. ಆಗ ಹಳೆಯ ಸ್ವಿಚ್ಚು ರಿಲೇಯ ಸುರುಳಿಗೆ ಬೇಕಾದ ಅಲ್ಪ ಪ್ರವಾಹವನ್ನಷ್ಟೇ ಹೊರುತ್ತದೆ. ಪ್ರವಾಹ ಮರಳುವ ದಾರಿಯೂ ಅಷ್ಟೇ ಮುಖ್ಯ. ಈ ಬಂಡಿಯ ಮೈಯಲ್ಲಿ ಫೈಬರ್‌ಗ್ಲಾಸ್ ಹೆಚ್ಚು, ಅದು ವಿದ್ಯುದ್ವಾಹಕವಲ್ಲ. ಆದುದರಿಂದ ಅರ್ತ್ ತಂತಿಯನ್ನು ಉಜ್ಜಿ ಶುಚಿಮಾಡಿದ ಲೋಹದ ಚೌಕಟ್ಟಿಗೇ ಬಿಗಿಯಬೇಕು.