ಚಿಲ್ಲರೆ ಹಣದ ಬೆಲೆಯನ್ನು ಅರಿಯುವ ಬಗೆ

ಹಳೆಯದೆಲ್ಲವೂ ಬೆಲೆಯುಳ್ಳದ್ದೆಂಬ ಭಾವನೆಯು ಜನರಲ್ಲಿ ಬಹಳವಾಗಿ ಹರಡಿರುವುದು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ತಾಮ್ರದ ಕಾಸಾಗಲಿ, ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಸಾಮಾನು ಕೊಂಡಾಗ ಕೈಗೆ ಬಂದ ವಿಚಿತ್ರ ಚಿತ್ರದ ಐದು ರೂಪಾಯಿಯಾಗಲಿ, ಭದ್ರಾವತಿಯ ಬಸ್ಸಿನಲ್ಲಿ ದೊರೆತ ಚಿಲ್ಲರೆಯಾಗಲಿ, ಲಕ್ಷಗಟ್ಟಲೆ ಬಾಳುವುದೆಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯವೆಷ್ಟು, ಮಿಥ್ಯವೆಷ್ಟು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರೂ ಅವರ ತಾಯ್ತಂದೆಗಳೂ ತಿಳಿದಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಅವಶ್ಯವೆನ್ನುವುದಕ್ಕೆ ಕಾರಣವುಂಟು. ಭದ್ರಾವತಿಯಿಂದ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿಯವರ ಬಳಿ ವೈಷ್ಣೋದೇವಿಯ ಚಿತ್ರವುಳ್ಳ ಐದು ರೂಪಾಯಿಯ ನಾಣ್ಯವೊಂದಿತ್ತು. ಅದಕ್ಕೆ ಹಲವು ಲಕ್ಷ ಕೊಡುವೆವೆಂದು ಅಪರಿಚಿತರು ಮೊಬೈಲಿನಲ್ಲಿ ಆಸೆ ತೋರಿಸಿ, ಮೊದಲು ನೋಂದಣಿಯ ಶುಲ್ಕವೆಂದೂ ಅನಂತರ ತೆರಿಗೆಯೆಂದೂ ಹಣ ತರಿಸಿಕೊಂಡು ಕಣ್ಮರೆಯಾದರು. ಹೋದದ್ದು ಮಗಳ ಓದಿಗೆಂದು ಕೂಡಿಟ್ಟ ಹಣ. ಆ ನಾಣ್ಯವಾದರೋ ೨೦೧೨ನೆಯ ಇಸವಿಯದು. ಸಾಮಾನ್ಯ ಚಲಾವಣೆಗಾಗಿಯೇ ಹೇರಳವಾಗಿ ಅಚ್ಚಾದದ್ದು. ಅದರ ಬೆಲೆ ಐದು ರೂಪಾಯಿಯೇ ಹೊರತು ಬೇರೆಯಲ್ಲ. ಇಂತಹ ಮೋಸವನ್ನು ಕುರಿತು ಭಾರತೀಯ ರಿಸರ್ವ್ ಬ್ಯಾಂಕು ೨೦೨೧ನೆಯ ಆಗಸ್ಟ್ ೪ರಂದು ಎಚ್ಚರಿಕೆ ಹೊರಡಿಸಿ, ಹಳೆಯ ನಾಣ್ಯಗಳ ಕ್ರಯವಿಕ್ರಯಕ್ಕೂ ತನಗೂ ಸಂಬಂಧವಿಲ್ಲವೆಂದೂ, ಅದಕ್ಕಾಗಿ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದೂ ಸ್ಪಷ್ಟಪಡಿಸಿತು.

ಹಾಗಾದರೆ ನಾಣ್ಯಕ್ಕೆ ಬೆಲೆ ಬರುವುದು ಯಾವುದರಿಂದ? ಮೂರು ಸಂಗತಿಗಳಿಂದ. ಉಳಿದಿರುವ ನಾಣ್ಯಗಳ ಸಂಖ್ಯೆ ಮೊದಲನೆಯದು; ಕೈಯಲ್ಲಿರುವ ನಾಣ್ಯದ ಸ್ಥಿತಿ ಎರಡನೆಯದು; ಅದನ್ನು ಬಯಸುವ ಸಂಗ್ರಾಹಕರಿರುವುದು ಮೂರನೆಯದು. ವಯಸ್ಸು ಇವುಗಳಲ್ಲಿ ಒಂದಲ್ಲವೆಂಬುದನ್ನು ಗಮನಿಸಬೇಕು. ವಿಕ್ಟೋರಿಯಾ ರಾಣಿಯ ರೂಪಾಯಿಗಳಲ್ಲಿ ೧೮೬೨ ಎಂಬ ಇಸವಿಯನ್ನೇ ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಚ್ಚು ಮಾಡುತ್ತಿದ್ದುದರಿಂದ ಅವು ಇಂದಿಗೂ ಧಾರಾಳವಾಗಿ ಸಿಕ್ಕುತ್ತವೆ. ಅದಕ್ಕಿಂತ ಬಹಳ ಎಳೆಯದಾದ, ಆರನೆಯ ಜಾರ್ಜ್ ದೊರೆಯ ೧೯೩೯ರ ರೂಪಾಯಿಯಾದರೋ ಅತಿ ವಿರಳ. ೧೯೧೧ರ ರೂಪಾಯಿಯ ಕಥೆಯೂ ಹೀಗೆಯೇ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿದ್ದುದರಿಂದ ಅದು ಹಂದಿಯಂತೆ ಕಾಣುವುದೆಂದು ಜನರು ಆಕ್ಷೇಪಿಸಿದರು. ಸರಕಾರವು ಆ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಿ, ೧೯೧೨ರಲ್ಲಿ ಚಿತ್ರವನ್ನು ತಿದ್ದಿತು. ಕರಗದೆ ಉಳಿದವುಗಳಿಗೆ ಬೆಲೆ ಬಂತು.

ಇನ್ನು ಪರೀಕ್ಷಿಸುವ ಕ್ರಮವನ್ನು ಹೇಳುತ್ತೇವೆ. ಮೊದಲು ಇಸವಿಯನ್ನು ಓದಿ, ಅದರ ಕೆಳಗೆ ಯಾವ ಗುರುತಿದೆಯೆಂದು ನೋಡಬೇಕು. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ. ವಜ್ರಾಕೃತಿ ಮುಂಬಯಿಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು. ಕೋಲ್ಕತ್ತೆಯ ನಾಣ್ಯಕ್ಕೆ ಗುರುತೇ ಇಲ್ಲ. ಗುರುತು ಇದೆಯೆಂದಾಗಲಿ ಇಲ್ಲವೆಂದಾಗಲಿ ನಾಣ್ಯವು ಅಮೂಲ್ಯವಾಗುವುದಿಲ್ಲ. ಅದು ಹುಟ್ಟಿದ ಊರನ್ನು ಹೇಳುವುದು, ಅಷ್ಟೆ. ಆದರೆ ಒಂದೇ ಇಸವಿಯಲ್ಲಿ ಒಂದು ಟಂಕಸಾಲೆಯು ಹೆಚ್ಚಾಗಿಯೂ ಇನ್ನೊಂದು ಕಡಮೆಯಾಗಿಯೂ ಅಚ್ಚು ಮಾಡಿರಬಹುದಾದುದರಿಂದ ಸಂಗ್ರಾಹಕರು ಇಸವಿ, ಗುರುತು ಎರಡನ್ನೂ ಕೂಡಿಸಿ ನೋಡುತ್ತಾರೆ. ಚಿತ್ರದ ಭೇದವನ್ನು ಕಂಡು ಬೆರಗಾಗುವುದೂ ಬೇಡ, ಖೋಟಾ ಎಂದು ನಿರಾಕರಿಸುವುದೂ ಬೇಡ. ಹತ್ತು ರೂಪಾಯಿಯ ನಾಣ್ಯಗಳು ಅಲ್ಲಿಯವರೆಗೆ ೧೪ ವಿನ್ಯಾಸಗಳಲ್ಲಿ ಬಂದಿರುವುವೆಂದೂ, ಎಲ್ಲವೂ ಸಲ್ಲುವುವೆಂದೂ ರಿಸರ್ವ್ ಬ್ಯಾಂಕು ೨೦೧೮ನೆಯ ಜನವರಿಯಲ್ಲಿ ತಿಳಿಸಿದೆ.

ಎರಡನೆಯದು ಲೋಹದ ಪರೀಕ್ಷೆ. ಉಕ್ಕಿನ ಊರಾದ ಭದ್ರಾವತಿಯ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭ. ಒಂದು ಅಯಸ್ಕಾಂತವಿದ್ದರೆ ಸಾಕು. ೧೯೯೨ರಿಂದ ಬಂದ ಚಿಕ್ಕ ಒಂದು ರೂಪಾಯಿಯು ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕಿನದು, ಅಯಸ್ಕಾಂತಕ್ಕೆ ಅಂಟಿಕೊಳ್ಳುವುದು. ಅದಕ್ಕೆ ಹಿಂದಿನ ದೊಡ್ಡ ರೂಪಾಯಿಯು ತಾಮ್ರ ಮತ್ತು ನಿಕಲ್ಲುಗಳ ಮಿಶ್ರಣ, ಅಂಟುವುದಿಲ್ಲ. ಹುಲಿಯ ಚಿತ್ರವುಳ್ಳ ೧೯೪೭ರ ರೂಪಾಯಿಯನ್ನು ಅನೇಕರು ಬೆಳ್ಳಿಯೆಂದು ಕಾಪಾಡಿಕೊಂಡಿರುತ್ತಾರೆ. ಅಯಸ್ಕಾಂತವನ್ನು ಹಿಡಿದರೆ ಥಟ್ಟನೆ ಅಂಟುವುದು. ಏಕೆಂದರೆ ಅದು ಬರಿಯ ನಿಕಲ್ಲು. ಬೆಳ್ಳಿ ಅಂಟುವುದಿಲ್ಲ. ೧೯೩೯ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. ೧೯೪೦ರಿಂದ ೧೯೪೫ರವರೆಗಿನದರಲ್ಲಿ ಅರ್ಧ ಪಾಲು ಮಾತ್ರ. ಇವುಗಳ ತೂಕ ಒಂದು ತೊಲ, ಎಂದರೆ ಸುಮಾರು ೧೧.೬೬ ಗ್ರಾಂ. ಇಂತಹ ಬೆಳ್ಳಿಯ ರೂಪಾಯಿಯು ವಿರಳವಲ್ಲದಿದ್ದರೂ ಬೆಳ್ಳಿಯ ಬೆಲೆಯಂತೂ ಅದಕ್ಕುಂಟು. ತಾವರೆಯ ಚಿತ್ರದ ಹಳದಿ ಬಣ್ಣದ ೨೦ ಪೈಸೆಯಲ್ಲಿ ಚಿನ್ನವಿದೆಯೆಂಬುದು ಬರಿಯ ಕಟ್ಟುಕಥೆ.

ಮೂರನೆಯದು ಸ್ಥಿತಿ. ಅಕ್ಷರಗಳ ಅಂಚು ಸವೆಯದೆ, ಚಿತ್ರದ ಸೂಕ್ಷ್ಮ ಗೆರೆಗಳು ನಿಂತಿರುವ ನಾಣ್ಯಕ್ಕೂ, ನೂರು ಕೈಗಳನ್ನು ದಾಟಿ ನುಣ್ಣಗಾದ ನಾಣ್ಯಕ್ಕೂ ಬೆಲೆಯಲ್ಲಿ ಅಜಗಜಾಂತರವುಂಟು. ಇಲ್ಲಿ ನಮ್ಮ ಗೃಹಿಣಿಯರಿಗೆ ಒಂದು ಮಾತು. ಹಿತ್ತಾಳೆಯ ಪಾತ್ರೆಯನ್ನು ಬೆಳಗುವಂತೆ ಹುಣಸೆಹಣ್ಣನ್ನೂ ಬೂದಿಯನ್ನೂ ಹಾಕಿ ಹಳೆಯ ನಾಣ್ಯವನ್ನು ತಿಕ್ಕಬೇಡಿರಿ. ಹಾಗೆ ತಿಕ್ಕಿದರೆ ಹೊಳಪು ಬರುವುದು, ಬೆಲೆ ಹೋಗುವುದು. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಣ ಕಾಗದದಲ್ಲಿ ಸುತ್ತಿಟ್ಟರೆ ಸಾಕು.

ನಾಲ್ಕನೆಯದು ಅಚ್ಚಿನ ತಪ್ಪು. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ತಿರುವಿದರೆ ಹಿಂದಿನ ಚಿತ್ರವೂ ನೆಟ್ಟಗೆ ನಿಲ್ಲಬೇಕು. ತಲೆಕೆಳಗಾಗಿ ನಿಂತಿದ್ದರೆ, ಚಿತ್ರವು ನಡುವಿನಿಂದ ಜರುಗಿದ್ದರೆ, ಒಂದು ಮುಖ ಅಚ್ಚೇ ಬೀಳದೆ ಖಾಲಿಯಾಗಿದ್ದರೆ, ಅಂತಹುದನ್ನು ಸಂಗ್ರಾಹಕರು ಆಸಕ್ತಿಯಿಂದ ಕೊಳ್ಳುತ್ತಾರೆ. ಚಿಲ್ಲರೆಯ ರಾಶಿಯಲ್ಲಿ ಏನಾದರೂ ಸಿಕ್ಕುವುದಾದರೆ ಬಹುಶಃ ಇಂತಹುದೇ. ಆದರೆ ಸುತ್ತಿಗೆಯಿಂದ ಬಡಿದದ್ದು, ಅರದಿಂದ ಉಜ್ಜಿದ್ದು ಅಚ್ಚಿನ ತಪ್ಪಲ್ಲ. ಅದು ಗಾಯಗೊಂಡ ನಾಣ್ಯವಷ್ಟೆ.

ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ತಿಳಿದಿರಬೇಕಾದುದೊಂದುಂಟು. ಹೊಸನಗರ ತಾಲ್ಲೂಕಿನ ನಗರವು ಹಿಂದೆ ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರ ರಾಜಧಾನಿಯಾಗಿತ್ತು. ೧೭೬೩ರಲ್ಲಿ ಅದನ್ನು ಗೆದ್ದ ಹೈದರಾಲಿಯು ಅಲ್ಲಿ ಟಂಕಸಾಲೆಯನ್ನು ನಡೆಸಿ, ಕೆಳದಿಯ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಮ್ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಅಚ್ಚು ಹಾಕಿಸಿದನು. ಟಿಪ್ಪುವಿನ ಆನೆಯ ಚಿತ್ರದ ತಾಮ್ರದ ನಾಣ್ಯಗಳಲ್ಲಿಯೂ ಕೆಲವು ನಗರದವು. ಇಂತಹವು ಮನೆಯಲ್ಲಿ ಪರಂಪರೆಯಿಂದ ಉಳಿದಿದ್ದರೆ ಬಲ್ಲವರಿಗೆ ತೋರಿಸತಕ್ಕದ್ದು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹೂತ ಹಣ ಸಿಕ್ಕಿದರೆ, ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಇದಕ್ಕೆ ವಿರುದ್ಧವಾಗಿ, ೧೮೧೮ ಎಂಬ ಇಸವಿಯನ್ನೂ ಶ್ರೀರಾಮನ ಚಿತ್ರವನ್ನೂ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ ಹೊತ್ತು ಜಾತ್ರೆಗಳಲ್ಲಿ ಬಿಕರಿಯಾಗುವ ಬಿಲ್ಲೆಗಳು ಕಂಪನಿಯ ನಾಣ್ಯಗಳೇ ಅಲ್ಲ. ಈಚಿನವರು ಮಾರಾಟಕ್ಕಾಗಿ ಮಾಡಿದವು.

ಬೆಲೆಯನ್ನು ತಿಳಿಯಬೇಕಾದರೆ ಮಾರುವವನು ಕೇಳುವ ಮೊತ್ತವನ್ನು ನಂಬಬಾರದು. ಹರಾಜಿನಲ್ಲಿ ಕೊಂಡವನು ನಿಜವಾಗಿ ಕೊಟ್ಟ ಮೊತ್ತವನ್ನು ನೋಡಬೇಕು. ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿ ಹೋಲಿಸಬೇಕು. ಕೊಳ್ಳುವವನು ಮಾರುವವರಿಂದ ಮುಂಗಡ ಕೇಳಿದನೆಂದರೆ ಅಲ್ಲಿಗೆ ಮಾತು ಮುಗಿಯಿತೆಂದು ತಿಳಿಯಿರಿ. ನಿಜವಾದ ವ್ಯಾಪಾರದಲ್ಲಿ ಹಣವು ಕೊಳ್ಳುವವನ ಕೈಯಿಂದಲೇ ಬರುವುದು.

ಇಷ್ಟನ್ನು ನೋಡಿದ ಮೇಲೆ ನಿಮ್ಮ ಚಿಲ್ಲರೆಯಲ್ಲಿ ಬಹುಪಾಲು ಅದರ ಮೇಲೆ ಬರೆದಷ್ಟೇ ಬಾಳುವುದೆಂದು ಕಂಡುಬರುವುದು. ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕೆಳಗಿನವೂ ೨೦೧೧ನೆಯ ಜೂನ್ ೩೦ರಿಂದ ಚಲಾವಣೆಯನ್ನು ಕಳೆದುಕೊಂಡವು. ಅವು ಅಷ್ಟೂ ಬಾಳುವುದಿಲ್ಲ. ಆದರೂ ಅವುಗಳನ್ನು ಎಸೆಯಬೇಡಿರಿ. ರೂಪಾಯಿಗೆ ಹದಿನಾರಾಣೆಯಿದ್ದ ಲೆಕ್ಕವು ೧೯೫೭ನೆಯ ಏಪ್ರಿಲ್ ೧ರಂದು ನೂರು ನಯೇ ಪೈಸೆಯಾದುದನ್ನೂ, ೧೯೬೪ರಲ್ಲಿ ‘ನಯೇ’ ಎಂಬ ಮಾತು ಬಿಟ್ಟುಹೋದುದನ್ನೂ ಪುಸ್ತಕದಲ್ಲಿ ಓದುವುದಕ್ಕಿಂತ ಅಂಗೈಯಲ್ಲಿಟ್ಟು ನೋಡುವುದು ಲೇಸು. ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಮನೆಯಲ್ಲಿರುವ ಹತ್ತು ನಾಣ್ಯಗಳ ಇಸವಿ, ಟಂಕಸಾಲೆ, ಲೋಹ, ಸ್ಥಿತಿಗಳನ್ನು ಬರೆದು, ತಾಯಿಯವರಿಗೆ ಓದಿ ಹೇಳಲಿ. ಹೀಗೆ ತಾನೇ ಪರೀಕ್ಷಿಸಿ ನೋಡಬಲ್ಲ ಹುಡುಗಿಯಿರುವ ಮನೆಯಲ್ಲಿ ಮೋಸಗಾರನ ಮಾತು ನಡೆಯಲಾರದು.