ಒಂದೇ ಲೆನ್ಸು ಕೊಳ್ಳುವವರಿಗೆ

ನಮ್ಮ ವಾಚನಾಲಯಕ್ಕೆ ಭಾನುವಾರ ತಪ್ಪದೆ ಬರುವ ತರುಣ ಮಿತ್ರರೊಬ್ಬರು ತಮ್ಮ ಬೋನಸ್ಸಿನ ಹಣದಲ್ಲಿ ಒಂದು ಡಿ.ಎಸ್.ಎಲ್.ಆರ್. ಕ್ಯಾಮರಾವನ್ನೂ ಅದಕ್ಕೊಂದು ದೊಡ್ಡ ಜೂಮ್ ಲೆನ್ಸನ್ನೂ ಕೊಂಡರು. ಲೆನ್ಸಿನ ಮೇಲೆ ೧೮-೩೦೦ ಎಂದು ಬರೆದಿತ್ತು. "ಇದೊಂದಿದ್ದರೆ ಸಾಕು, ಮನೆಯೂ ಆಯಿತು, ಬೆಟ್ಟವೂ ಆಯಿತು, ಹಕ್ಕಿಯೂ ಆಯಿತು" ಎಂದು ಅಂಗಡಿಯವರು ಹೇಳಿದ್ದರು. ಅದು ಸುಳ್ಳೂ ಅಲ್ಲ.

ಕೆಲವು ತಿಂಗಳ ಬಳಿಕ ಅವರ ತಂಗಿಯ ಭರತನಾಟ್ಯ ರಂಗಪ್ರವೇಶ ನಡೆಯಿತು. ಮನೆಯಲ್ಲಿಯೇ ಕ್ಯಾಮರಾ ಇರುವಾಗ ಬೇರೆ ಫೋಟೋದವರೇಕೆ ಎಂದು ತಂದೆಯವರು ಯಾರನ್ನೂ ಗೊತ್ತುಮಾಡಲಿಲ್ಲ. ಮಿತ್ರರು ವೇದಿಕೆಯಿಂದ ಸುಮಾರು ೧೨ ಮೀಟರು ದೂರದ ಕುರ್ಚಿಯಲ್ಲಿ ಕುಳಿತು ನಾಲ್ಕುನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಮರುದಿನ ನೋಡಿದರೆ, ನಿಂತ ಭಂಗಿಯ ಕೆಲವನ್ನು ಬಿಟ್ಟು ಉಳಿದುವುಗಳಲ್ಲೆಲ್ಲ ಕೈ, ಕಾಲು, ಮುಖ ಕಲಸಿಹೋಗಿದ್ದುವು. ಆ ದಿನ ಮತ್ತೆ ಬರುವುದಿಲ್ಲ. ತಂಗಿ ಏನೂ ಅನ್ನಲಿಲ್ಲವಂತೆ. ಅದೇ ಅವರಿಗೆ ಹೆಚ್ಚು ನೋವಾಯಿತು.

"ರಾಯರೇ, ಲೆನ್ಸು ಕೆಟ್ಟದ್ದೇ?" ಎಂದು ಅವರು ನನ್ನನ್ನು ಕೇಳಿದರು. ಲೆನ್ಸು ಕೆಟ್ಟದ್ದಲ್ಲ, ನಾವು ಅದಕ್ಕೆ ಒಪ್ಪಿಸಿದ ಕೆಲಸ ಅದರದಲ್ಲ. ಒಂದೇ ಒಂದು ಲೆನ್ಸು ಕೊಳ್ಳುವಷ್ಟು ಅನುಕೂಲವುಳ್ಳ ನಮ್ಮಂಥವರು ಈ ಭೇದವನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು. ಅದಕ್ಕಾಗಿಯೇ ಈ ಲೇಖನ.

ಮೊದಲನೆಯ ಅಂಕೆ: ಎಷ್ಟು ಅಗಲ, ಎಷ್ಟು ಹತ್ತಿರ

ಲೆನ್ಸಿನ ಮೇಲೆ ಎರಡು ಬಗೆಯ ಅಂಕೆಗಳಿರುತ್ತವೆ. ೧೮-೫೫, ೧೮-೧೩೫, ೧೮-೩೦೦ ಎಂಬುವು ಸಂಗಮದೂರದ ಅಂಕೆಗಳು. ಇವನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಅಂಕೆ ಚಿಕ್ಕದಾದಷ್ಟೂ ನೋಟ ಅಗಲ. ದೊಡ್ಡದಾದಷ್ಟೂ ನೋಟ ಕಿರಿದಾಗಿ, ದೂರದ ವಸ್ತು ಹತ್ತಿರ ಬಂದಂತೆ ಕಾಣುತ್ತದೆ. ಇವುಗಳ ನಡುವೆ ಬೇಕಾದಂತೆ ಜಾರಿಸಿಕೊಳ್ಳುವ ಸೌಕರ್ಯವೇ ಜೂಮ್.

ಇದು ತೀರ ಹೊಸತೇನಲ್ಲ. ೩೫ ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮರಾಕ್ಕೆಂದು ಮಾರಾಟಕ್ಕೆ ಬಂದ ಮೊದಲ ಜೂಮ್ ಲೆನ್ಸು ೧೯೫೯ರ ಫೋಕ್ಟ್‌ಲೆಂಡರ್ ಜೂಮಾರ್. ಅದರ ವ್ಯಾಪ್ತಿ ೩೬ರಿಂದ ೮೨. ಎಂದರೆ ಎರಡೂಕಾಲು ಪಟ್ಟು ಮಾತ್ರ. ೨೦೧೭ರಲ್ಲಿ ಟ್ಯಾಮ್ರಾನ್ ಕಂಪನಿ ಹೊರತಂದ ೧೮-೪೦೦ ಲೆನ್ಸಿನ ವ್ಯಾಪ್ತಿ ಇಪ್ಪತ್ತೆರಡು ಪಟ್ಟು.

ಈ ಅಂಕೆಗಳು ನಿತ್ಯಜೀವನದಲ್ಲಿ ಏನು ಹೇಳುತ್ತವೆಂಬುದನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಸಾಮಾನ್ಯರ ಡಿ.ಎಸ್.ಎಲ್.ಆರ್. ಕ್ಯಾಮರಾಗಳಲ್ಲಿ ಫಿಲ್ಮಿನ ಬದಲು ಇರುವ ಸಂವೇದಕ ಫಲಕದ ಅಗಲ ಸುಮಾರು ೨೩.೫ ಮಿ.ಮೀ. (ಕೆನಾನಿನಲ್ಲಿ ಇದಕ್ಕಿಂತ ತುಸು ಕಡಿಮೆ). ಈ ಅಗಲವನ್ನು ಸಂಗಮದೂರದಿಂದ ಭಾಗಿಸಿ, ನಾವು ನಿಂತ ದೂರದಿಂದ ಗುಣಿಸಿದರೆ ಚಿತ್ರದೊಳಗೆ ಎಷ್ಟು ಅಗಲದ ದೃಶ್ಯ ಹಿಡಿಯುತ್ತದೆಂದು ತಿಳಿಯುತ್ತದೆ.

ಮುಂಬಯಿಯ ನಮ್ಮ ಮನೆಗಳ ಕೋಣೆಯನ್ನೇ ತೆಗೆದುಕೊಳ್ಳಿ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎರಡೂವರೆ ಮೀಟರಿಗಿಂತ ಹೆಚ್ಚು ದೂರ ಸಿಗುವುದು ಕಷ್ಟ. ಅಲ್ಲಿಂದ ೧೮ರಲ್ಲಿ ಸುಮಾರು ೩.೩ ಮೀಟರಿನ ದೃಶ್ಯ ಹಿಡಿಯುತ್ತದೆ. ೧೬ರಲ್ಲಿ ಸುಮಾರು ೩.೭ ಮೀಟರು. ಕಾಗದದ ಮೇಲೆ ಎರಡೇ ಮಿಲಿಮೀಟರು. ಸತ್ಯನಾರಾಯಣ ಪೂಜೆಯ ಗುಂಪಿನಲ್ಲಿ ಅಂಚಿನ ಅಜ್ಜಿ ಚಿತ್ರದೊಳಗೆ ಉಳಿಯುವುದೂ ಹೊರಗೆ ಹೋಗುವುದೂ ಅದರಿಂದಲೇ. ಆದರೆ ೨೮ರಿಂದ ಆರಂಭವಾಗುವ ಲೆನ್ಸನ್ನು ಈ ಕ್ಯಾಮರಾಗಳಿಗೆ ಹಾಕಿದರೆ ಅದೇ ಜಾಗದಿಂದ ೨.೧ ಮೀಟರು ಮಾತ್ರ. ಅಂಥ ಲೆನ್ಸುಗಳು ೩೬ ಮಿ.ಮೀ. ಅಗಲದ ದೊಡ್ಡ ಸಂವೇದಕವುಳ್ಳ ಕ್ಯಾಮರಾಗಳಿಗಾಗಿ ಆದುವು. ಅಗ್ಗವೆಂದು ತಂದು ಪರಿತಪಿಸಿದವರನ್ನು ಕಂಡಿದ್ದೇನೆ.

ಎರಡನೆಯ ಅಂಕೆ: ಎಷ್ಟು ಬೆಳಕು

ಹೆಚ್ಚಿನವರು ಮೊದಲ ಅಂಕೆಯನ್ನು ನೋಡಿ ಹಣ ಎಣಿಸಿಬಿಡುತ್ತಾರೆ. ನಮ್ಮ ಮಿತ್ರರ ಕೈಕೊಟ್ಟದ್ದು ಎರಡನೆಯದು.

ಎಫ್ ೨.೮, ಎಫ್ ೩.೫-೫.೬, ಎಫ್ ೩.೫-೬.೩ ಎಂದು ಬರೆದಿರುವುದು ಲೆನ್ಸಿನ ಬೆಳಕಿಂಡಿಯ ಅಳತೆ. ಸಂಗಮದೂರವನ್ನು ಈ ಅಂಕೆಯಿಂದ ಭಾಗಿಸಿದರೆ ಕಿಂಡಿಯ ಅಗಲ ಬರುತ್ತದೆ. ಸಂಗಮದೂರ ೫೦ ಇದ್ದಾಗ ಎಫ್ ೨.೮ ಎಂದರೆ ಸುಮಾರು ೧೮ ಮಿ.ಮೀ. ಅಗಲದ ಕಿಂಡಿ, ಎಫ್ ೬.೩ ಎಂದರೆ ಸುಮಾರು ೮ ಮಿ.ಮೀ. ಆದುದರಿಂದ ಅಂಕೆ ದೊಡ್ಡದಾದರೆ ಬೆಳಕು ಕಡಿಮೆ. ಈ ಎರಡು ಕಿಂಡಿಗಳ ಮೂಲಕ ಒಳಬರುವ ಬೆಳಕಿನಲ್ಲಿ ಐದು ಪಟ್ಟು ಅಂತರವಿದೆ.

೩.೫-೬.೩ ಎಂದು ಎರಡು ಅಂಕೆಗಳಿದ್ದರೆ ಮೊದಲನೆಯದು ಅಗಲ ನೋಟಕ್ಕೆ, ಎರಡನೆಯದು ಜೂಮನ್ನು ಪೂರ್ತಿ ಎಳೆದಾಗ. ನಮ್ಮ ಮಿತ್ರರು ೧೨ ಮೀಟರಿನಿಂದ ತಂಗಿಯನ್ನು ಚಿತ್ರದ ತುಂಬ ಹಿಡಿಯಲು ೧೪೦ರ ಆಚೀಚೆ ಎಳೆಯಬೇಕಾಯಿತು. ಅಲ್ಲಿ ಕಿಂಡಿ ಬಹುಮಟ್ಟಿಗೆ ಮುಚ್ಚಿತ್ತು. ಎಫ್ ೨.೮ರ ಲೆನ್ಸು ಸೆಕೆಂಡಿನ ೨೫೦ರಲ್ಲಿ ಒಂದು ಭಾಗದಲ್ಲಿ ತೆಗೆಯಬಲ್ಲ ಚಿತ್ರಕ್ಕೆ ಎಫ್ ೬.೩ರಲ್ಲಿ ೫೦ರಲ್ಲಿ ಒಂದು ಭಾಗ ಬೇಕು. ಅಷ್ಟು ಹೊತ್ತಿನಲ್ಲಿ ಜತಿಗೆ ಹೆಜ್ಜೆ ಹಾಕುವ ಕಾಲು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿಯೇ ಬಿಡುತ್ತದೆ. ಐ.ಎಸ್.ಒ. ಅಂಕೆಯನ್ನು ೧೬೦೦ರಿಂದ ೮೦೦೦ಕ್ಕೆ ಏರಿಸಿ ಈ ಕೊರತೆಯನ್ನು ತುಂಬಬಹುದು. ಆದರೆ ಚಿಕ್ಕ ಸಂವೇದಕದಲ್ಲಿ ಚಿತ್ರವೆಲ್ಲ ರವೆ ಚೆಲ್ಲಿದಂತಾಗುತ್ತದೆ.

"ಅಲುಗಾಟ ತಡೆಯುವ ಏರ್ಪಾಡು ಲೆನ್ಸಿನಲ್ಲಿತ್ತಲ್ಲ?" ಎಂದು ಮಿತ್ರರು ಕೇಳಿದರು. ಇತ್ತು. ನಿಕಾನಿನವರು ಇದನ್ನು ವಿ.ಆರ್. ಎಂದೂ, ಕೆನಾನಿನವರು ಐ.ಎಸ್. ಎಂದೂ, ಟ್ಯಾಮ್ರಾನಿನವರು ವಿ.ಸಿ. ಎಂದೂ, ಸಿಗ್ಮಾದವರು ಓ.ಎಸ್. ಎಂದೂ ಕರೆಯುತ್ತಾರೆ. ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಕುಣಿಯುವವರ ಕಾಲನ್ನಲ್ಲ. ಗುಡಿಯೊಳಗಿನ ಕಂಬಕ್ಕೆ ಅದು ದೊಡ್ಡ ಉಪಕಾರಿ. ಯಕ್ಷಗಾನದ ವೇಷಕ್ಕೆ, ಓಡುವ ಮಗುವಿಗೆ ಅದರಿಂದ ಪ್ರಯೋಜನ ಸ್ವಲ್ಪವೇ.

ನಾಲ್ಕು ಬಗೆಗಳು

ಚಿಕ್ಕ ಸಂವೇದಕದ ಕ್ಯಾಮರಾಗಳಿಗೆ ದೊರೆಯುವ ಬಹೂಪಯೋಗಿ ಜೂಮ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಕ್ಯಾಮರಾದೊಡನೆಯೇ ಬರುವ ೧೮-೫೫. ಸುಮಾರು ೨೦೦ ಗ್ರಾಂ ತೂಕ. ಇದನ್ನು ಹೀಗಳೆಯುವುದು ಒಂದು ರೂಢಿಯಾಗಿಬಿಟ್ಟಿದೆ. ಹಗಲು ಬೆಳಕಿನಲ್ಲಿ ಇದು ತೆಗೆಯುವ ಚಿತ್ರ ಸಾಕಷ್ಟು ಚೊಕ್ಕಟ. ಕಲಿಯುವವರಿಗೆ ಇದಕ್ಕಿಂತ ಅಗ್ಗದ ಗುರುವಿಲ್ಲ.

ಎರಡನೆಯದು, ೧೮-೧೩೫ ಅಥವಾ ೧೮-೧೪೦. ತೂಕ ೫೦೦ ಗ್ರಾಂ ಆಚೀಚೆ. ಊರಿಗೆ ಹೋದಾಗ ಬೇಲೂರಿನ ಚೆನ್ನಕೇಶವ ದೇವಾಲಯದ ಮುಂದೆ ನಿಂತರೆ ಇದರ ಬೆಲೆ ತಿಳಿಯುತ್ತದೆ. ಜಗತಿಯ ಮೇಲಿನ ಇಡೀ ಗುಡಿಯನ್ನು ಅಗಲ ತುದಿ ಹಿಡಿಯುತ್ತದೆ. ಸೂರಿನ ಕೆಳಗೆ ಎತ್ತರದಲ್ಲಿರುವ ಮದನಿಕೆಯರಲ್ಲಿ ಒಬ್ಬಳನ್ನೇ ಆರಿಸಿಕೊಳ್ಳಲು ೧೦೦ಕ್ಕೆ ಮೇಲ್ಪಟ್ಟ ಭಾಗ ಬೇಕಾಗುತ್ತದೆ. ಆದರೆ ನವರಂಗದ ಒಳಗಿನ ಕತ್ತಲೆಯಲ್ಲಿ ಇದೂ ಎಡವುತ್ತದೆ.

ಮೂರನೆಯದು, ೧೮-೨೦೦, ೧೮-೩೦೦, ೧೮-೪೦೦ ಎಂಬ ದೂರಗಾಮಿಗಳು. ನಿಕಾನಿನ ೧೮-೨೦೦ ಬಂದದ್ದು ೨೦೦೫ರಲ್ಲಿ. ಅಂದಿನಿಂದ ಯಾತ್ರಿಕರ ಮೆಚ್ಚಿನ ಬಗೆ ಇದು. ಧೂಳಿನ ದಾರಿಯಲ್ಲಿ ಲೆನ್ಸು ಬದಲಿಸುವ ತಾಪತ್ರಯವಿಲ್ಲ. ಕಬಿನಿಯ ದಡದ ಆನೆಯೂ ಸಿಕ್ಕೀತು. ಆದರೆ ಎಲ್ಲ ಕೆಲಸವನ್ನೂ ಮಾಡುವ ಗಾಜು ಯಾವ ಕೆಲಸವನ್ನೂ ತುದಿಮುಟ್ಟ ಮಾಡಲಾರದು. ಅಗಲ ತುದಿಯಲ್ಲಿ ನೇರ ಗೆರೆಗಳು ಬಾಗುವುದು, ಉದ್ದ ತುದಿಯಲ್ಲಿ ಅಂಚುಗಳು ಮೆತ್ತಗಾಗುವುದು, ಬೆಳಕು ಕಡಿಮೆಯಾಗುವುದು ಇವುಗಳ ಸ್ವಭಾವ.

ನಾಲ್ಕನೆಯದು, ೧೭-೫೦ ಎಫ್ ೨.೮. ವ್ಯಾಪ್ತಿ ಮೂರು ಪಟ್ಟು. ಹಳೆಯ ಜೂಮಾರ್‌ಗಿಂತ ಸ್ವಲ್ಪವೇ ಹೆಚ್ಚು. ಆದರೆ ಕಿಂಡಿ ಎರಡು ತುದಿಗಳಲ್ಲಿಯೂ ಅಷ್ಟೇ ಅಗಲ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ ಈ ಅಳತೆಯ ಲೆನ್ಸುಗಳು ಕೈಬದಲಾದ ಸ್ಥಿತಿಯಲ್ಲಿ ದೊರೆಯುತ್ತವೆ. ಸಭಾಂಗಣ, ಮದುವೆಮನೆ, ದೀಪದ ಬೆಳಕಿನ ಪೂಜೆ, ಮನೆಯ ಮಕ್ಕಳು, ಇವುಗಳಿಗೆ ಹೇಳಿ ಮಾಡಿಸಿದಂಥದು. ಹಕ್ಕಿಗೆ ಮಾತ್ರ ನಿಷ್ಪ್ರಯೋಜಕ.

ಹಾಗಾದರೆ ೧೪೦ರ ಕೆಲಸವನ್ನು ೫೦ ಹೇಗೆ ಮಾಡೀತು? ನಾವು ಎದ್ದು ಮುಂದಕ್ಕೆ ಹೋಗುವುದರಿಂದ. ವೇದಿಕೆಯಿಂದ ೫ ಮೀಟರಿನಲ್ಲಿ, ಕ್ಯಾಮರಾವನ್ನು ನಿಲುವಾಗಿ ಹಿಡಿದು ೫೦ರಲ್ಲಿ ನೋಡಿದರೆ ೨.೩ ಮೀಟರಿಗೂ ಹೆಚ್ಚು ಎತ್ತರ ಸಿಗುತ್ತದೆ. ನರ್ತಕಿ ತಲೆಯಿಂದ ಗೆಜ್ಜೆಯವರೆಗೆ ಬರುತ್ತಾಳೆ. ಅಣ್ಣನಾದವನಿಗೆ ಮುಂದಿನ ಸಾಲಿನ ಪಕ್ಕದಲ್ಲೊಂದು ಜಾಗ ಯಾರೂ ಇಲ್ಲವೆನ್ನುತ್ತಿರಲಿಲ್ಲ. ದೂರವನ್ನು ಕಾಲು ಕಡಿಮೆ ಮಾಡಬಲ್ಲುದು. ಇಲ್ಲದ ಬೆಳಕನ್ನು ಯಾವ ಕಾಲೂ ತಂದುಕೊಡಲಾರದು. ಕಾಲು ಹೋಗಲಾರದ ಕಡೆ, ಎಂದರೆ ನದಿಯ ಆಚೆ, ಮರದ ತುದಿ, ಗೋಪುರದ ಮೇಲೆ, ದೂರಗಾಮಿಯೇ ಬೇಕು.

ಆರಿಸುವ ಬಗೆ

ಆದುದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಹಳೆಯ ಚಿತ್ರಗಳನ್ನು ಕೇಳಿರಿ. ಪ್ರತಿಯೊಂದು ಡಿಜಿಟಲ್ ಚಿತ್ರದೊಳಗೆ ಅದನ್ನು ತೆಗೆದಾಗಿನ ಸಂಗಮದೂರ, ಕಿಂಡಿ, ವೇಗ, ಐ.ಎಸ್.ಒ. ಎಲ್ಲವೂ ದಾಖಲಾಗಿರುತ್ತವೆ, ಕ್ಯಾಮರಾದ ಪರದೆಯಲ್ಲಿಯೋ ಕಂಪ್ಯೂಟರಿನಲ್ಲಿಯೋ ನೋಡಬಹುದು. ನಿಮಗೆ ಪ್ರಿಯವಾದ ನೂರು ಚಿತ್ರಗಳನ್ನು ಆಯ್ದು, ಒಂದು ಹಾಳೆಯಲ್ಲಿ ಮೂರು ಮನೆ ಬರೆದು ಗೀಟು ಹಾಕುತ್ತ ಹೋಗಿ: ೨೪ಕ್ಕೆ ಕೆಳಗೆ, ೨೪ರಿಂದ ೭೦, ೭೦ಕ್ಕೆ ಮೇಲೆ. ಪಕ್ಕದಲ್ಲಿ ಐ.ಎಸ್.ಒ. ೧೬೦೦ ದಾಟಿದುವೆಷ್ಟು ಎಂದೂ ಗುರುತಿಸಿ. ಕತ್ತಲೆಯ ಚಿತ್ರಗಳೇ ಹೆಚ್ಚಾದರೆ ಎಫ್ ೨.೮ರ ಕಡೆಗೆ ಹೋಗಿ. ಹಗಲಿನ ಪ್ರವಾಸದ್ದೇ ಹೆಚ್ಚಾದರೆ ೧೮-೧೩೫. ಮೂರನೆಯ ಮನೆ ತುಂಬಿದ್ದರೆ ಮಾತ್ರ ದೂರಗಾಮಿ.

ನಮ್ಮ ಮಿತ್ರರು ಹೀಗೆ ಎಣಿಸಿ ನೋಡಿದಾಗ ೨೦೦ಕ್ಕೆ ಮೇಲೆ ತೆಗೆದ ಚಿತ್ರಗಳು ಏಳು. ಅವುಗಳಲ್ಲಿ ನಾಲ್ಕು ಚಂದ್ರನವು.

ಕೊಳ್ಳುವಾಗ

ಕೆನಾನ್, ನಿಕಾನ್ ಕಂಪನಿಗಳು ೨೦೧೮ರಿಂದೀಚೆಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮರಾಗಳತ್ತ ತಿರುಗಿವೆ. ಇದರಿಂದ ಡಿ.ಎಸ್.ಎಲ್.ಆರ್. ಲೆನ್ಸುಗಳು ಕೈಬದಲಾಗಿ ಬರುವುದು ಹೆಚ್ಚಿದೆ. ಮಿತವ್ಯಯಿಗಳಿಗೆ ಇದು ಒಳ್ಳೆಯ ಕಾಲ. ಮುಂಬಯಿಯ ಕೋಟೆಯ ಬೋರಾ ಬಜಾರ್, ದಿಲ್ಲಿಯ ಚಾಂದನಿ ಚೌಕದ ಕೂಚಾ ಚೌಧರಿ, ಇವು ಕ್ಯಾಮರಾ ಅಂಗಡಿಗಳಿಗೆ ಹೆಸರಾದ ಓಣಿಗಳು. ನಿಮ್ಮ ಕ್ಯಾಮರಾವನ್ನು ಕೈಯಲ್ಲಿಯೇ ಒಯ್ಯಿರಿ.

ಮೊದಲು ಹೊಂದಿಕೆ ನೋಡಿ. ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಕೆನಾನಿಗೆ ಬೇರೆ, ನಿಕಾನಿಗೆ ಬೇರೆ. ನಿಕಾನಿನ ಡಿ ೩೦೦೦, ಡಿ ೫೦೦೦ ಸಾಲಿನ ಕ್ಯಾಮರಾಗಳೊಳಗೆ ಫೋಕಸ್ ಮಾಡುವ ಮೋಟಾರಿಲ್ಲ; ಮೋಟಾರು ಲೆನ್ಸಿನಲ್ಲಿಯೇ ಇರಬೇಕು, ಇಲ್ಲವಾದರೆ ಪ್ರತಿ ಸಲವೂ ಕೈಯಿಂದಲೇ ತಿರುಗಿಸಬೇಕಾದೀತು.

ಬಳಿಕ ಲೆನ್ಸಿನ ಎರಡು ಮುಚ್ಚಳವನ್ನೂ ತೆಗೆದು ಹಿಂದಿನಿಂದ ಟಾರ್ಚು ಬಿಟ್ಟು ನೋಡಿ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಜೂಮಿನ ಬಳೆ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿ ತಿರುಗಬೇಕು. ಲೆನ್ಸನ್ನು ನೆಲದ ಕಡೆಗೆ ಮುಖ ಮಾಡಿ ಹಿಡಿದಾಗ ಕೊಳವೆ ತಾನಾಗಿ ಜಾರಿದರೆ ಸವೆದಿರಬಹುದು. ಕೊನೆಗೆ ಗೋಡೆಯ ಮೇಲೊಂದು ದಿನಪತ್ರಿಕೆಯ ಪುಟ ಹಚ್ಚಿ, ಎರಡು ತುದಿಗಳಲ್ಲಿಯೂ ಕಿಂಡಿ ಪೂರ್ತಿ ತೆರೆದು ಚಿತ್ರ ತೆಗೆಯಿರಿ. ನಡುವಿನ ಅಕ್ಷರ ಸ್ಪಷ್ಟವಾಗಿರಬೇಕು. ಮೂಲೆಗಳು ತುಸು ಮೆತ್ತಗಿದ್ದರೂ ನಾಲ್ಕೂ ಒಂದೇ ತೆರನಾಗಿರಬೇಕು. ಒಂದು ಮೂಲೆ ಮಾತ್ರ ಕಲಸಿದ್ದರೆ ಆ ಲೆನ್ಸು ಎಲ್ಲಿಯೋ ಬಿದ್ದು ಎದ್ದಿರಬಹುದು.

ತಂದ ಮೇಲೆ ಮಳೆಗಾಲದ ನೆನಪಿರಲಿ. ಮುಂಬಯಿ, ಮದರಾಸುಗಳಂಥ ಕಡಲತೀರದ ಊರುಗಳಲ್ಲಿ ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಿದ ಲೆನ್ಸಿಗೆ ಬೂಷ್ಟು ಹಿಡಿಯುವುದು ಸುಲಭ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಡಿ. ಹರಳು ಬಣ್ಣ ಬದಲಿಸಿದಾಗ ಅದನ್ನು ಕಾಯಿಸಿ ಒಣಗಿಸಿ, ಇಲ್ಲವೇ ಹೊಸತು ಹಾಕಿ. ಎಲ್ಲಕ್ಕಿಂತ ಒಳ್ಳೆಯದು, ಲೆನ್ಸನ್ನು ಆಗಾಗ ಹೊರತೆಗೆದು ಬಳಸುವುದು.

ಮಿತ್ರರು ತಮ್ಮ ದೂರಗಾಮಿಯನ್ನು ಕೊಟ್ಟು, ಬಳಸಿದ ೧೭-೫೦ ಒಂದನ್ನು ಬದಲಿಗೆ ತಂದರು. ತಂಗಿ ಒಂದು ಭಾನುವಾರ ಮತ್ತೆ ಗೆಜ್ಜೆ ಕಟ್ಟಿ, ಮನೆಯ ಹಾಲಿನಲ್ಲಿ, ಕಿಟಕಿಯ ಬೆಳಕಿನಲ್ಲಿ ಒಂದು ಪದ ಆಡಿ ತೋರಿಸಿದಳಂತೆ. ರಂಗಪ್ರವೇಶದ ದಿನ ಹಿಂದಿರುಗಲಿಲ್ಲ; ಆದರೆ ಆ ಚಿತ್ರಗಳಲ್ಲಿ ಆಕೆಯ ಕಣ್ಣು, ಬೆರಳು, ಗೆಜ್ಜೆ ಎಲ್ಲವೂ ಇವೆ. ಕಳೆದ ವಾರ ಒಂದು ಪ್ರತಿಯನ್ನು ನನಗೆ ತೋರಿಸಿದರು. ನಿಮ್ಮ ಮನೆಯಲ್ಲಿಯೂ ಅಂಥ ದಿನವೊಂದು ಹತ್ತಿರ ಬಂದಿದ್ದರೆ, ನೂರು ಚಿತ್ರಗಳ ಆ ಹಾಳೆಯನ್ನು ಇಂದೇ ಬರೆಯಿರಿ.