ನಮ್ಮ ರಾಗಿ ಯಾಕೆ ಕಲಿಯಲಿಲ್ಲ?

ಜಾವಗಲ್‌ನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ 8ನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡಿದೆ. ಸಸ್ಯರೋಗಗಳ ಭಾಗಕ್ಕೆ ಬಂದಾಗ, "ಶಿಲೀಂಧ್ರ ಹೊಸ ಆಯುಧ ಕಂಡುಹಿಡಿಯುತ್ತದೆ, ಗಿಡ ಅದಕ್ಕೆ ತಕ್ಕ ರಕ್ಷಣೆ ಕಲಿಯುತ್ತದೆ" ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಹಂಗಾದ್ರೆ ನಮ್ಮ ರಾಗಿ ಯಾಕೆ ಕಲೀಲಿಲ್ಲ ಮಿಸ್?" ಅವರ ಹೊಲಕ್ಕೆ ಆ ವರ್ಷ ಬೆಂಕಿ ರೋಗ ಬಂದು ತೆನೆಗಳು ಜೊಳ್ಳಾಗಿದ್ದವು. ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಓದಲು ಕುಳಿತಾಗ, ತಪ್ಪಿರುವುದು ನಾನು ಬಳಸಿದ ಕ್ರಿಯಾಪದದಲ್ಲಿ ಎಂದು ತಿಳಿಯಿತು.

ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತು ಪೆಕ್ಟಿನ್. ಅನೇಕ ಶಿಲೀಂಧ್ರಗಳು ಪಾಲಿಗ್ಯಾಲಕ್ಟ್ಯುರೊನೇಸ್ ಎಂಬ ಕಿಣ್ವವನ್ನು ಸ್ರವಿಸಿ ಅದನ್ನು ಕತ್ತರಿಸುತ್ತವೆ. ಗಿಡದ ಕೋಶಭಿತ್ತಿಯಲ್ಲಿರುವ ಪಿಜಿಐಪಿ ಎಂಬ ಪ್ರೋಟೀನು ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ.

ಹುರುಳಿಕಾಯಿ (ಬೀನ್ಸ್) ಗಿಡದಲ್ಲಿ ಈ ಪ್ರೋಟೀನಿಗೆ ನಾಲ್ಕು ಜೀನ್‌ಗಳಿವೆ. ಒಂದು ಫ್ಯುಸೇರಿಯಂ ಶಿಲೀಂಧ್ರದ ಕಿಣ್ವವನ್ನು ಮೊದಲನೆಯ ಪ್ರೋಟೀನು ತಡೆಯಲಾರದು, ಎರಡನೆಯದು ತಡೆಯುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಮೊದಲನೆಯದರ 253ನೇ ಸ್ಥಾನದಲ್ಲಿದ್ದ ಲೈಸೀನ್ ಬದಲು ಗ್ಲುಟಮಿನ್ ಬರುವಂತೆ ಮಾಡಿದರು. ಅಷ್ಟಕ್ಕೇ ಅದೂ ಆ ಕಿಣ್ವವನ್ನು ಹಿಡಿಯತೊಡಗಿತು. ಬದಲಾದದ್ದು ಒಂದೇ ಅಮೈನೊ ಆಮ್ಲ.

ಪ್ರಕೃತಿಯಲ್ಲಿ ಇಂಥ ಬದಲಾವಣೆಗಳು ಜೀನ್ ನಕಲಾಗುವಾಗ ಆಕಸ್ಮಿಕವಾಗಿ ಆಗುತ್ತವೆ. ಬಹುಪಾಲು ಉಪಯೋಗಕ್ಕೆ ಬರುವುದಿಲ್ಲ. ಯಾವುದೋ ಒಂದು ಕಿಣ್ವವನ್ನು ಹಿಡಿದರೆ, ಆ ಗಿಡಕ್ಕೆ ಬೀಜ ಹೆಚ್ಚು. ಶಿಲೀಂಧ್ರದ ಕಡೆಯೂ ಹೀಗೆಯೇ: ಆಕಸ್ಮಿಕವಾಗಿ ಬದಲಾದ ಕಿಣ್ವ ಗಿಡದ ಹಿಡಿತ ತಪ್ಪಿಸಿಕೊಂಡರೆ, ಅಂಥ ಶಿಲೀಂಧ್ರದ ಸಂತತಿ ಹರಡುತ್ತದೆ. ಒಂದರ ಬದಲಾವಣೆ ಇನ್ನೊಂದರಲ್ಲಿ ಯಾವುದು ಉಳಿಯಬೇಕೆಂಬುದನ್ನು ತೀರ್ಮಾನಿಸುತ್ತದೆ. ಇದೇ ಸಹವಿಕಾಸ.

ಮರುದಿನ ತರಗತಿಗೆ ಜರಡಿ ಒಯ್ದೆ. ರಾಗಿ, ಹುರುಳಿ, ಅವರೆ ಬೆರೆಸಿ ಜರಡಿ ಹಿಡಿದಾಗ ರಾಗಿ ಮಾತ್ರ ಕೆಳಗೆ ಬಿತ್ತು. "ಕಾಳು ಜರಡಿ ನೋಡಿ ಸಣ್ಣದಾಯಿತೇ?" ಎಂದು ಕೇಳಿದೆ. "ಮೊದಲೇ ಸಣ್ಣಗಿತ್ತು ಮಿಸ್" ಎಂದರು. ಜರಡಿ ಗಿಡದ ರಕ್ಷಣೆ, ಕಾಳುಗಳು ಬಗೆಬಗೆಯ ಶಿಲೀಂಧ್ರಗಳು. ದಾಟಿದ ಕಾಳನ್ನೇ ಬಿತ್ತಿದರೆ ಮುಂದಿನ ಸಲ ಆ ಜರಡಿ ಯಾವುದನ್ನೂ ತಡೆಯದು.

ಆಗ ಆ ಹುಡುಗಿಗೆ ಉತ್ತರ ಹೇಳಿದೆ. ರಾಗಿ ಹುಲ್ಲಿನ ಜಾತಿ. ಅದರ ಕೋಶಭಿತ್ತಿಯಲ್ಲಿ ಪೆಕ್ಟಿನ್ ಕಡಿಮೆ. ಅಲ್ಲಿ ಎದುರಾಗುವ ಪ್ರೋಟೀನುಗಳು ಬೇರೆ, ನಿಯಮ ಇದೇ. ಹೊಲದಲ್ಲಿ ನಿಂತ ಪೈರು ತನ್ನ ಜೀನ್ ಬದಲಿಸಿಕೊಳ್ಳಲಾರದು. ರಾಗಿ ಒಂದು ಬೆಳೆ ಮುಗಿಸುವಷ್ಟರಲ್ಲಿ ಶಿಲೀಂಧ್ರದ ಹಲವು ತಲೆಮಾರು ಕಳೆದಿರುತ್ತವೆ. ಹೊಲದ ತುಂಬ ಒಂದೇ ತಳಿಯಿದ್ದರೆ, ಒಂದು ಗಿಡವನ್ನು ಗೆದ್ದ ಶಿಲೀಂಧ್ರ ಎಲ್ಲವನ್ನೂ ಗೆದ್ದಂತೆ. ಜಿಪಿಯು-28ರಂಥ ರೋಗ ತಡೆಯುವ ತಳಿಗಳನ್ನು ಕೃಷಿ ವಿಜ್ಞಾನಿಗಳು ಆರಿಸಿ ಬೆಳೆಸುವುದು ಅದಕ್ಕೇ.

"ಹಂಗಾದ್ರೆ ಬೀಜ ಬದಲಾಯಿಸಿದ್ರೆ ಆಯ್ತು" ಎಂದಳು. "ಸದ್ಯಕ್ಕೆ ಆಯ್ತು. ಶಿಲೀಂಧ್ರವೂ ಬದಲಾಗುತ್ತಿರುತ್ತದಲ್ಲ?" ಎಂದೆ.

ಈ ಪಾಠ ತೆಗೆದುಕೊಳ್ಳುವ ಸಹಪಾಠಿಗಳಲ್ಲಿ ಒಂದು ವಿನಂತಿ. ನನ್ನ ಪಾಠಯೋಜನೆಯಲ್ಲಿ "ಗಿಡ ಕಲಿಯುತ್ತದೆ" ಎಂಬುದನ್ನು ಹೊಡೆದುಹಾಕಿ "ತಡೆಯಬಲ್ಲ ಗಿಡ ಉಳಿಯುತ್ತದೆ" ಎಂದು ಬರೆದಿದ್ದೇನೆ. ನಿಮ್ಮದರಲ್ಲೂ ಒಮ್ಮೆ ನೋಡಿಕೊಳ್ಳಿ.